ಬುಧವಾರ ರಾತ್ರಿ ಹುಟ್ಟಿದವಳ ಕೋಣೆ

ಮಳೆಗಾಲ ಮುಗಿದ ಮೇಲೆ ಬಂದ ಭಾನುವಾರಗಳನ್ನೆಲ್ಲ ನಾವು ಯಾರೂ ವಾಸವಿಲ್ಲದ ಮನೆಗಳಲ್ಲಿ ಕಳೆದೆವು. ಬ್ಯಾಂಕಾಕ್ ದಾಟಿ ಉತ್ತರಕ್ಕೆ, ಲಾಮ್ ಲೂಕ್ ಕಾ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ಬರೀ ಗೇಟುಗಳೇ. ಗೇಟಿನಲ್ಲಿ ಬಿಳಿ ಕೈಗವಸು ಹಾಕಿದ ಕಾವಲುಗಾರ, ಅವನದೊಂದು ಸೆಲ್ಯೂಟು, ಅವನ ಹಿಂದೆ ಒಂದೇ ಅಚ್ಚಿನಲ್ಲಿ ತೆಗೆದ ಮನೆಗಳ ಸಾಲು. ಇಂಥ ಬಡಾವಣೆಗೆ ನಮ್ಮ ಭಾಷೆಯಲ್ಲಿ ಹಳ್ಳಿ ಎಂದೇ ಹೆಸರು. ನಾನು ಹುಡುಗಿಯಾಗಿದ್ದಾಗಲೇ ಕಾಲಸಿನ್ ಸೀಮೆಯ ನಿಜವಾದ ಹಳ್ಳಿಯೊಂದರಿಂದ ಬಸ್ಸು ಹತ್ತಿ ಓಡಿಬಂದವಳು. ಕೂದಲು ನೆರೆಯುವ ಹೊತ್ತಿಗೆ ಕಾವಲುಗಾರನಿರುವ ಹಳ್ಳಿಗೆ ಹೋಗಿ ಸೇರಬೇಕೆಂದು ಹಣೆಯಲ್ಲಿ ಬರೆದಿದ್ದರೆ ಆಗಲಿ ಎಂದುಕೊಂಡಿದ್ದೆ.

ಆಗಲಿ ಅಂತ ಈಗ ಬಿಂಕದಿಂದ ಹೇಳುತ್ತಿದ್ದೇನೆ, ಅಷ್ಟೆ. ಆಗ ಒಳಗೊಳಗೇ ಕುಣಿಯುತ್ತಿದ್ದೆ. "ಅಮ್ಮ, ಕೆಳಗಡೆ ಒಂದು ಕೋಣೆ ಇರೋ ಮನೇನೇ ತಗೊಳ್ತೀವಿ. ಅದು ನಿಂದು," ಎಂದು ನನ್ನ ಮಗಳು ಮೊತ್ ಬಾಯಿಬಿಟ್ಟು ಹೇಳಿದ್ದಳು. ಮೊತ್ ಅಂದರೆ ಇರುವೆ. ಹುಟ್ಟಿದಾಗ ಅಷ್ಟೇ ಅಷ್ಟು ಇದ್ದಳು, ನಾನೇ ಇಟ್ಟ ಹೆಸರು. ಈಗ ದೊಡ್ಡ ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುತ್ತಾಳೆ, ಕೋಟಿನ ಮೇಲೆ ಬೇರೆಯೇ ಒಂದು ಉದ್ದನೆಯ ಹೆಸರಿದೆ. ನಮ್ಮ ಕಡೆ ಗಂಡುಮಕ್ಕಳು ಮದುವೆಯಾಗಿ ಹೆಂಡತಿಯ ಮನೆ ಸೇರುತ್ತಾರೆ, ತಾಯಿ ಮಗಳ ಜೊತೆ ಉಳಿಯುತ್ತಾಳೆ. ಅದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡಿದಂತಲ್ಲ.

ನನಗಿರುವುದು ಒಬ್ಬಳೇ ಮಗಳು, ಅವಳಿಗೂ ಒಬ್ಬಳೇ ಮಗಳು. ಆ ಮೊಮ್ಮಗಳು, ಮುಕ್, ಶಾಲೆಗೆ ಸೇರುವವರೆಗೂ ನನ್ನ ತಿನಿಸಿನ ಗಾಡಿಯ ಪಕ್ಕದಲ್ಲೇ, ದೊಡ್ಡ ಛತ್ರಿಯ ನೆರಳಿನಲ್ಲಿ ಬೆಳೆದವಳು. ಶಾಲೆ ಶುರುವಾದ ಮೇಲೆ ಅವಳನ್ನು ಅಪ್ಪ ಅಮ್ಮ ತಮ್ಮ ಫ್ಲ್ಯಾಟಿಗೆ ಕರೆದುಕೊಂಡು ಹೋದರು. ನನಗೆ ಸಿಗುವುದು ವಾರಕ್ಕೊಂದು ಸಲ, ಅದೂ ಅವಳ ಈಜಿನ ಪಾಠ ಇಲ್ಲದಿದ್ದರೆ. ಕೆಳಗಿನ ಆ ಕೋಣೆ ಸಿಕ್ಕರೆ ದಿನಾ ಬೆಳಗ್ಗೆ ಅವಳ ತಲೆ ಬಾಚಿ ಕಳಿಸಬಹುದು. ನನಗೆ ಬೇಕಾಗಿದ್ದದ್ದು ಅದೊಂದೇ. ಗೇಟು ಕಬ್ಬಿಣದ್ದಾದರೂ ಸರಿ, ಚಿನ್ನದ್ದಾದರೂ ಸರಿ.

ನನ್ನ ಗಾಡಿ ನಿಲ್ಲುತ್ತಿದ್ದದ್ದು ಒಂದು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ. ಹಸಿ ಪಪ್ಪಾಯಿ ಹೆರೆದು ಒರಳಲ್ಲಿ ಹಾಕಿ ಕುಟ್ಟಿ ಕೊಡುವುದು, ಜೊತೆಗೆ ಅಂಟಕ್ಕಿ ಅನ್ನ, ಕೆಂಡದಲ್ಲಿ ಸುಟ್ಟ ಕೋಳಿ. ಕುಟ್ಟುವಾಗ ಹುದುಗಿಸಿದ ಮೀನಿನ ರಸ ಹಾಕಲೇಬೇಕು. ಅದರ ವಾಸನೆಗೆ ಮೂಗು ಮುಚ್ಚಿಕೊಂಡೇ ಬರುತ್ತಿದ್ದ ಡಾಕ್ಟರುಗಳು ಎರಡೆರಡು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮೊತ್ ಮನೆಯ ಮಾತೆತ್ತಿದ ತಿಂಗಳೇ ನಾನು ಆ ಜಾಗವನ್ನೂ ವ್ಯಾಪಾರವನ್ನೂ ಪಕ್ಕದ ಹಣ್ಣಿನ ಗಾಡಿಯ ಲಮ್‌ದುವನ್‌ಗೆ ಬಿಟ್ಟುಕೊಟ್ಟೆ.

"ಇನ್ಮೇಲೆ ನಾನು ಗೇಟಿನೊಳಗಿನ ಅಜ್ಜಿ ಕಣೇ," ಎಂದೆ.

"ನಿನ್ನ ಬಾಯಿಗೂ ಒಂದು ಗೇಟು ಹಾಕಿಸ್ತಾರೆ ನೋಡ್ತಿರು, ಥೊಂಗ್‌ಬಾಯ್ ಅಕ್ಕ," ಎಂದು ಅವಳು ನಕ್ಕಳು. ನಾನೂ ನಕ್ಕೆ.

ಮಾದರಿ ಮನೆಗಳಲ್ಲಿ ಎಲ್ಲವೂ ಇರುತ್ತದೆ, ಯಾವುದೂ ನಿಜವಾಗಿರುವುದಿಲ್ಲ. ಬಟ್ಟಲಲ್ಲಿ ಪ್ಲಾಸ್ಟಿಕ್ಕಿನ ಮಾವಿನಹಣ್ಣು, ಒಲೆಗೆ ಗ್ಯಾಸಿಲ್ಲ, ಟೀವಿ ಬರೀ ರಟ್ಟು. ಒಂದು ಮನೆಯ ಕೆಳಗಿನ ಕೋಣೆಯ ಮಂಚದ ಮೇಲೆ ಮಲಗಿ ನೋಡಿದೆ, ಪಾದ ಎರಡೂ ಹೊರಗೆ ಬಂದವು. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನೇ ಗಿಡ್ಡ ಮಾಡಿಸಿಡುತ್ತಾರಂತೆ. ಮನೆ ಮಾರುವ ಹುಡುಗಿಗೆ ನಾನು ಹಾಗೆ ಮಲಗಿದ್ದು ಇಷ್ಟವಾಗಲಿಲ್ಲ, ಆದರೂ ನಗು ಬಿಡಲಿಲ್ಲ.

"ಅಮ್ಮ, ಇದು ಹಿರಿಯರಿಗೋಸ್ಕರಾನೇ ಮಾಡಿರೋ ಕೋಣೆ. ಬಚ್ಚಲಲ್ಲಿ ನೆಲ ಜಾರಲ್ಲ, ಹಿಡ್ಕೊಳ್ಳೋಕೆ ಕಂಬಿ ಇದೆ."

"ಈ ತೋಳು ನೋಡಿದ್ಯೇನಮ್ಮ? ಆಯುಷ್ಯಪೂರ್ತಿ ಒರಳಲ್ಲಿ ಕುಟ್ಟಿದ ತೋಳು. ನಾನು ಹಿಡಿದ್ರೆ ನಿನ್ನ ಕಂಬಿನೇ ಕಿತ್ಕೊಂಡು ಬರುತ್ತೆ."

ಅಳಿಯ ಚಾನೋನ್ ಗಟ್ಟಿಯಾಗಿ ನಕ್ಕ. ಒಳ್ಳೆಯ ಹುಡುಗ. ವಿಮಾ ಕಚೇರಿಯಲ್ಲಿ ಕೆಲಸ, ಮಾತು ಕಡಿಮೆ. ಬಿಸಿಲಲ್ಲಿ ಮನೆಯಿಂದ ಮನೆಗೆ ನಡೆಯುವಾಗ ಛತ್ರಿಯನ್ನು ಹೆಂಡತಿಯ ತಲೆಗೆ ಹಿಡಿಯದೆ ನನ್ನ ತಲೆಗೆ ಹಿಡಿಯುತ್ತಿದ್ದ. ಮೊತ್ ಮಾತ್ರ ಬಾಗಿಲ ಕಡೆ ನೋಡಿ, "ಅಮ್ಮ, ಸ್ವಲ್ಪ ಮೆಲ್ಲಗೆ. ಹೊರಗೆ ಜನ ಇದ್ದಾರೆ," ಎಂದಳು.

ನನಗೆ ಹಿಡಿಸಿದ ಮನೆಗೆಲ್ಲ ಮೊತ್ ಒಂದೊಂದು ಕೊಕ್ಕೆ ತೆಗೆಯುತ್ತಿದ್ದಳು. ಒಂದರ ಬಾಗಿಲಿಗೆ ಎದುರು ರಸ್ತೆ ಬಂದು ಗುದ್ದುತ್ತದೆ, ಅದು ಕೇಡು. ಇನ್ನೊಂದರ ಮುಂದೆ ವಿದ್ಯುತ್ ಕಂಬ. ಮತ್ತೊಂದರ ಮೆಟ್ಟಿಲು ಸಮಸಂಖ್ಯೆ, ಸಮಸಂಖ್ಯೆಯ ಮೆಟ್ಟಿಲು ಹತ್ತುವುದು ದೆವ್ವಗಳು. ಔಷಧಿ ಅಳೆದು ಕೊಡುವವಳು, ಮನೆಯನ್ನೂ ಅಳೆದು ತೂಗಿಯೇ ತೆಗೆದುಕೊಳ್ಳುತ್ತಾಳೆ ಎಂದು ನಾನು ಲಮ್‌ದುವನ್ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಕೊನೆಗೆ ಒಂದು ಮನೆ ಎಲ್ಲರಿಗೂ ಹಿಡಿಸಿತು. ಓಣಿಯ ತುದಿಯ ಮೂಲೆಮನೆ. ಪಕ್ಕದಲ್ಲಿ ಮುಕ್‌ಗೆ ಓಡಾಡಲು ಹುಲ್ಲು, ಕೆಳಗಿನ ಕೋಣೆಗೆ ಬೆಳಗಿನ ಬಿಸಿಲು, ಹಿಂದೆ ತಗಡು ಹೊದಿಸಿ ಅಡುಗೆಗೆ ಮಾಡಿಕೊಳ್ಳುವಷ್ಟು ಜಾಗ. ನಾನು ಅಲ್ಲಿ ನಿಂತು ಒರಳು ಎಲ್ಲಿ, ಒಲೆ ಎಲ್ಲಿ ಎಂದು ಕಾಲಿನಿಂದ ಗುರುತು ಮಾಡುತ್ತಿದ್ದೆ. ಮೊತ್ ಹಿಂದೆ ಬಂದು ನಿಂತಳು.

"ಇಲ್ಲೆಲ್ಲ ಕುಟ್ಟೋದು ಹುರಿಯೋದು ಮಾಡಿದ್ರೆ ಪಕ್ಕದ ಮನೆಯವ್ರು ಬಡಾವಣೆಯ ಫೋನ್ ಗ್ರೂಪಲ್ಲಿ ಹಾಕ್ತಾರಮ್ಮ. ವಾಸನೆ ಅಂತ ಫೋಟೋ ಸಮೇತ ಹಾಕ್ತಾರೆ."

"ವಾಸನೆದು ಫೋಟೋ ಹೆಂಗೆ ತೆಗೀತಾರೆ? ಹಾಕ್ಲಿ ಬಿಡು. ನಾಳೆ ಅವರೇ ತಟ್ಟೆ ಹಿಡ್ಕೊಂಡು ಬರ್ತಾರೆ."

"ಮುಕ್‌ಗೆ ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುತ್ತೆ."

"ನನ್ನ ಗಾಡಿ ಪಕ್ಕ ಇದ್ದಷ್ಟು ದಿನ ಒಂದು ಸಲ ಕೆಮ್ಮಿದ್ಲಾ? ನಿನ್ನ ಏಸಿ ಫ್ಲ್ಯಾಟು ಸೇರಿದ ಮೇಲೆ ತಾನೆ ಕೆಮ್ಮು?"

ಮಗಳು ಸುಮ್ಮನಾದಳು ಅಂದರೆ ನಾನು ಗೆದ್ದೆ ಎಂದುಕೊಂಡೆ.

ಮುಂಗಡ ಕೊಡುವ ಮೊದಲು ಆಚಾರ್ಯರನ್ನು ಕರೆಸಿ ತೋರಿಸೋಣ ಎಂದು ಅವಳೇ ಹೇಳಿದಳು. ನನಗೆ ಹೆಮ್ಮೆಯಾಯಿತು. ಅಷ್ಟು ಓದಿದರೂ ಪದ್ಧತಿ ಬಿಟ್ಟಿಲ್ಲವಲ್ಲ. ಮುಂದಿನ ಭಾನುವಾರ ಆಚಾರ್ಯ ಬಂದ. ಬಿಳಿ ಪ್ಯಾಂಟು, ಬಿಳಿ ಅಂಗಿ, ಕೊರಳಲ್ಲಿ ಗಂಟೆ ಕಟ್ಟಿದ ಎತ್ತಿನ ಹಾಗೆ ತಾಯತಗಳು, ನಮ್ಮದಕ್ಕಿಂತ ದೊಡ್ಡ ಕಾರು. ದಿಕ್ಸೂಚಿ ಹಿಡಿದು ಬಾಗಿಲು ನೋಡಿದ, ಮೆಟ್ಟಿಲು ನೋಡಿದ, ಒಲೆಯ ದಿಕ್ಕು ನೋಡಿದ. ನಾವು ಕೈಮುಗಿದುಕೊಂಡು ಅವನ ಬೆನ್ನ ಹಿಂದೆ ಸುತ್ತಿದೆವು. ಮಾರುವ ಹುಡುಗಿಯೂ ಸುತ್ತಿದಳು.

"ಮನೆ ಬಹಳ ಒಳ್ಳೇದು," ಎಂದ. "ಯಜಮಾನರು ಯಾವ ವಾರ?"

"ಸೋಮವಾರ," ಎಂದ ಚಾನೋನ್.

"ಮನೆಯಾಕೆ?"

"ಗುರುವಾರ. ಮಗು ಶುಕ್ರವಾರ," ಎಂದಳು ಮೊತ್.

ಹುಟ್ಟಿದ ವಾರ ನಮ್ಮಲ್ಲಿ ಹೆಸರಿಗಿಂತ ಮುಖ್ಯ. ದೇವಸ್ಥಾನದಲ್ಲಿ ವಾರಕ್ಕೊಂದು ಬುದ್ಧನ ಮೂರ್ತಿ ಇರುತ್ತದೆ, ಅವರವರ ವಾರದ ಮೂರ್ತಿಗೆ ಅವರವರು ಹೂವಿಡುತ್ತಾರೆ. ಬುಧವಾರಕ್ಕೆ ಮಾತ್ರ ಎರಡು. ಹಗಲು ಹುಟ್ಟಿದವರಿಗೆ ಒಂದು, ರಾತ್ರಿ ಹುಟ್ಟಿದವರಿಗೆ ಒಂದು. ಆ ರಾತ್ರಿಯದು ರಾಹುವಿನ ಪಾಲು.

ಆಚಾರ್ಯ ನನ್ನ ಕಡೆ ತಿರುಗಿದ. ನನ್ನನ್ನು ಯಾವ ವಾರ ಎಂದು ಕೇಳಲಿಲ್ಲ. ಕಣ್ಣು ಕಿರಿದು ಮಾಡಿ ಮುಖ ನೋಡಿದ, ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ.

"ಅಮ್ಮನವರು ಬುಧವಾರ ರಾತ್ರಿ ಹುಟ್ಟಿದವರು. ಮುಖದಲ್ಲೇ ರಾಹು ಕೂತಿದ್ದಾನೆ. ಹಗಲಾಗಿದ್ರೆ ಚಿಂತೆ ಇರ್ಲಿಲ್ಲ. ಶುಕ್ರವಾರದ ಮಗುವಿಗೆ ರಾಹು ವೈರಿ. ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗಿದ್ರೆ ಆ ಮಗುವಿನ ಕೆಮ್ಮು ಯಾವತ್ತೂ ಹೋಗಲ್ಲ. ಬಂದು ಹೋಗಬಹುದು, ತೊಂದ್ರೆ ಇಲ್ಲ. ರಾತ್ರಿ ಉಳೀಬಾರ್ದು, ಅಷ್ಟೆ."

ಮಗುವಿಗೆ ಕೆಮ್ಮಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಂದರೆ, ನನ್ನೆದುರಿಗೆ ಯಾರೂ ಹೇಳಿರಲಿಲ್ಲ.

ಚಾನೋನ್ ಪೆಚ್ಚಾದ. "ಹಾಗಾದ್ರೆ ಈ ಮನೆ ಬೇಡ ಆಚಾರ್ಯರೇ. ಅಮ್ಮನಿಗೂ ಮುಕ್‌ಗೂ ಇಬ್ಬರಿಗೂ ಹೊಂದೋ ಅಂಥದ್ದು ಬೇರೆ ನೋಡೋಣ. ಇನ್ನೂ ಎಷ್ಟೋ ಇವೆ."

"ದೋಷ ಮನೇದಲ್ಲ," ಎಂದಳು ಮೊತ್, ಆಚಾರ್ಯ ಬಾಯಿ ತೆರೆಯುವ ಮೊದಲೇ. "ಕೇಳಿಸ್ಲಿಲ್ವಾ ನಿಮಗೆ? ಯಾವ ಸೂರಾದ್ರೂ ಅಷ್ಟೆ ಅಂದ್ರಲ್ಲ."

ಆಚಾರ್ಯ ಹಾಗೆ ಅಂದಿರಲಿಲ್ಲ. ಒಂದು ಗಳಿಗೆ ಅವಳ ಮುಖ ನೋಡಿದ, ಆಮೇಲೆ ಹೌದು ಎಂದು ತಲೆಯಾಡಿಸಿದ.

ನಾನು ಹುಟ್ಟಿದ್ದು ಬುಧವಾರವಲ್ಲ, ರಾತ್ರಿಯಲ್ಲ. ಶುಕ್ರವಾರ ಬೆಳಗ್ಗೆ, ಭಿಕ್ಷುಗಳು ಭಿಕ್ಷೆಗೆ ಬರುವ ಹೊತ್ತಿನಲ್ಲಿ. ಅವತ್ತು ಅವರಿಗೆ ಅನ್ನ ಹಾಕಲಾಗಲಿಲ್ಲ ಎಂದು ನಮ್ಮಮ್ಮ ಸಾಯುವವರೆಗೂ ಪೇಚಾಡುತ್ತಿದ್ದಳು. ನಮ್ಮ ಊರಿನಿಂದ ತಾಲ್ಲೂಕು ಕಚೇರಿಗೆ ಆಗ ದಾರಿಯೇ ಇರಲಿಲ್ಲ. ಊರ ಮುಖಂಡ ಯಾವಾಗಲೋ ಒಮ್ಮೆ ಹೋಗುವನು, ಹೋದಾಗ ಊರಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಒಟ್ಟಿಗೆ ಬರೆಸಿ ಬರುವನು. ಯಾವ ತಾರೀಕು ಎಂದು ಕೇಳಿದರೆ ಬಾಯಿಗೆ ಬಂದದ್ದು ಹೇಳುವನು. ಹಾಗಾಗಿ ನಮ್ಮ ಕಡೆಯ ನನ್ನ ವಯಸ್ಸಿನವರಿಗೆ ಎರಡೆರಡು ಹುಟ್ಟುಗಳು, ಸರ್ಕಾರದ್ದೊಂದು, ತಾಯಿಯದೊಂದು. ಗುರುತಿನ ಚೀಟಿಯಲ್ಲಿರುವ ನನ್ನ ತಾರೀಕು ಬುಧವಾರಕ್ಕೆ ಬೀಳುತ್ತದೆ. ಪಟ್ಟಣದಲ್ಲಿ ಹುಟ್ಟಿದ ಮೊತ್‌ಗೆ ಇದೇನು ಗೊತ್ತು. ಚೀಟಿ ನೋಡಿದ್ದಾಳೆ, ಫೋನಿಗೆ ಹಾಕಿದ್ದಾಳೆ, ಫೋನು ಬುಧವಾರ ಅಂದಿದೆ. ಅದಕ್ಕೆ ರಾತ್ರಿ ಸೇರಿಸಿದ್ದು ಅವಳೋ ಆಚಾರ್ಯನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೆತ್ತ ಮಗಳಿಗೆ ತಾಯಿ ಹುಟ್ಟಿದ ವಾರ ತಿಳಿಯದು ಎಂದರೆ ಯಾರು ನಂಬುತ್ತಾರೆ? ನಾನು ಶುಕ್ರವಾರದ ಮೂರ್ತಿಗೆ ಹೂವಿಡಲು ಹೋಗುವಾಗ ಅವಳಿಗೆ ಟ್ಯೂಷನ್ ಇರುತ್ತಿತ್ತು. ನಾನೇ ಕಳಿಸುತ್ತಿದ್ದೆ. ಮುಕ್ ಹುಟ್ಟಿದ ದಿನ ಆಸ್ಪತ್ರೆಯಲ್ಲಿ, "ನನ್ನ ವಾರಕ್ಕೇ ಹುಟ್ಟಿದ್ಲು ಕಣೇ," ಎಂದು ಹೇಳಿಯೂ ಇದ್ದೆ. ಮೊತ್ ಫೋನಿನಲ್ಲಿ ಮಗುವಿನ ಫೋಟೋ ಆರಿಸುತ್ತಿದ್ದಳು, ಹೂಂ ಅಂದಳು.

ಶುಕ್ರವಾರ ಎನ್ನುವ ಆ ಮಾತು ಆಚಾರ್ಯನ ಎದುರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು. ಹೇಳಿಬಿಟ್ಟರೆ ಆಚಾರ್ಯನ ಮಾನ ಹೋಗುತ್ತಿತ್ತು, ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಮೊತ್ ಕಡೆ ನೋಡಿದೆ. ಅವಳು ನೆಲದ ಹಂಚನ್ನು ನೋಡುತ್ತ ಉಸಿರು ಬಿಗಿಹಿಡಿದು ನಿಂತಿದ್ದಳು. ಗಂಡ ಪಕ್ಕದಲ್ಲಿದ್ದ, ಮಾರುವ ಹುಡುಗಿ ಎದುರಿಗಿದ್ದಳು. ಇಷ್ಟು ಜನರ ಮುಂದೆ ನನ್ನ ಮಗಳ ಮುಖಕ್ಕೆ ಮಸಿ ಬಳಿಯುವುದಕ್ಕೆ ನನ್ನ ಕೈಯಲ್ಲಿ ಆಗಲಿಲ್ಲ.

"ಹೌದು," ಎಂದೆ. "ರಾತ್ರಿನೇ. ದೀಪ ಹಚ್ಚಿದ ಮೇಲೆ ಅಂತ ನಮ್ಮಮ್ಮ ಹೇಳ್ತಿದ್ಲು."

ಮೊತ್ ಉಸಿರು ಬಿಟ್ಟಳು. ಅದು ನನಗೆ ಕೇಳಿಸಿತು. ಬೇರೆ ಏನನ್ನು ಬೇಕಾದರೂ ನಾನು ನುಂಗಿಕೊಳ್ಳುತ್ತಿದ್ದೆ, ಆ ಉಸಿರನ್ನು ಮಾತ್ರ ಆಗಲಿಲ್ಲ. ನನ್ನ ವಾಸನೆ ಬೇಡ, ನನ್ನ ದನಿ ಬೇಡ ಎಂದು ನೇರವಾಗಿ ಹೇಳಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದೆ. ಅದಕ್ಕೆ ರಾಹು ಯಾಕೆ ಬೇಕಿತ್ತು?

"ಹಾಗಾದ್ರೆ ಕೆಳಗಿನ ಕೋಣೆ ಏನ್ಮಾಡ್ತೀರ ಮೇಡಂ?" ಎಂದು ಮಾರುವ ಹುಡುಗಿ ಕೇಳಿದಳು.

"ಸದ್ಯಕ್ಕೆ ಬಟ್ಟೆ ಇಸ್ತ್ರಿ ಮಾಡೋಕೆ ಇಟ್ಕೊಳ್ತೀವಿ," ಎಂದಳು ಮೊತ್. ಉತ್ತರ ತಡವರಿಸದೆ ಬಂತು.

ಅವರು ಮನೆ ತೆಗೆದುಕೊಂಡರು. ಗೃಹಪ್ರವೇಶಕ್ಕೆ ಹೋಗಿ ಭಿಕ್ಷುಗಳಿಗೆ ಬಡಿಸಿ ಬಂದೆ, ಬೆಳಕಿರುವಾಗಲೇ ಚಾನೋನ್ ನನ್ನನ್ನು ನನ್ನ ಬಾಡಿಗೆ ಕೋಣೆಗೆ ಬಿಟ್ಟುಹೋದ. ದಾರಿಯುದ್ದಕ್ಕೂ, "ನಂಗೆ ಇದೆಲ್ಲ ನಂಬಿಕೆ ಇಲ್ಲ ಅಮ್ಮ. ಆದ್ರೆ ಮಗು ವಿಷಯ, ಮೊತ್ ಹೆದರ್ತಾಳೆ," ಎನ್ನುತ್ತಿದ್ದ. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಗಾಡಿಯ ಜಾಗ ವಾಪಸು ಕೇಳುವ ಮುಖವಿರಲಿಲ್ಲ. ಲಮ್‌ದುವನ್ ಏನೂ ಕೇಳದೆ ತನ್ನ ಪಕ್ಕ ಒಂದು ಮಣೆ ಹಾಕಿ ಪಪ್ಪಾಯಿ ಬುಟ್ಟಿ ಮುಂದಿಟ್ಟಳು. ಈಗ ಕುಟ್ಟುವುದು ಅವಳು, ಹೆರೆಯುವುದು ನಾನು. ಅವಳು ಕುಟ್ಟುವುದು ಸರಿಯಿಲ್ಲ. ಹುಳಿ ಜಾಸ್ತಿ. ಗೇಟಿನ ಮಾತನ್ನು ಅವಳು ಒಂದು ದಿನವೂ ಎತ್ತಿ ಆಡಲಿಲ್ಲ, ಅದರಿಂದ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಚಳಿಗಾಲದಲ್ಲಿ ಒಂದು ಬುಧವಾರ ಸಂಜೆ ಮೊತ್ ನನ್ನ ಕೋಣೆಗೆ ಬಂದಳು. ಮುಕ್‌ಳನ್ನು ಕರೆತಂದಿರಲಿಲ್ಲ. ಕೈಯಲ್ಲಿ ದೊಡ್ಡ ಚೀಲ. ಅದರೊಳಗಿಂದ ಕಪ್ಪು ಬಣ್ಣದ ತಿನಿಸುಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟಳು. ಬೇಯಿಸಿದ ಕರಿಕೋಳಿ, ಕಪ್ಪು ಅಂಟಕ್ಕಿ, ಕಪ್ಪು ಹುರುಳಿ, ಹಾಲು ಹಾಕದ ಕಾಫಿ, ಗಿಡದ ರಸದ ಕಪ್ಪು ಜೆಲ್ಲಿ, ಇನ್ನೂ ಏನೇನೋ. ರಾಹುವಿಗೆ ಎಂಟು ಕಪ್ಪು ಪದಾರ್ಥ ಅರ್ಪಿಸುವುದು ಕ್ರಮ.

"ದೇವಸ್ಥಾನದಲ್ಲಿ ನಿನ್ನ ಹೆಸ್ರಲ್ಲಿ ರಾಹು ಪೂಜೆ ಮಾಡಿಸ್ದೆ ಅಮ್ಮ. ಇದು ಪ್ರಸಾದ. ನೀನು ತಿನ್ಬೇಕು. ದೋಷ ಕಮ್ಮಿಯಾಗುತ್ತೆ."

ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಕೆಲಸ ಮುಗಿಸಿ, ಕ್ಯೂನಲ್ಲಿ ನಿಂತು, ಊದುಬತ್ತಿ ಹೊಗೆ ಕುಡಿದು ಬಂದಿದ್ದಳು. ನನಗೆ ಕನಿಕರ ಬಂತು. ಕನಿಕರ ಬಂದದ್ದಕ್ಕೆ ನನ್ನ ಮೇಲೇ ಕೋಪ ಬಂತು. ಜೆಲ್ಲಿಯ ಬಟ್ಟಲು ತೆಗೆದುಕೊಂಡು ಒಂದು ಚಮಚ ಬಾಯಿಗಿಟ್ಟೆ.

"ಪೂರ್ತಿ ಹೋಗ್ಬಿಟ್ರೆ?" ಎಂದೆ.

"ಏನು?"

"ದೋಷ. ಪೂರ್ತಿ ಹೋದ್ರೆ ನಾನು ಅಲ್ಲಿ ಬಂದು ಇರ್ಬಹುದಾ?"

ಅವಳು ಕಾಫಿಯ ಮುಚ್ಚಳ ಸರಿಮಾಡಿದಳು. "ಆಚಾರ್ಯರನ್ನ ಕೇಳ್ಬೇಕು ಅಮ್ಮ."

"ಮೊತ್, ನಾನು ಹುಟ್ಟಿದ್ದು ಶುಕ್ರವಾರ. ಬೆಳಗ್ಗೆ. ಚೀಟಿಯಲ್ಲಿರೋದು ಮುಖಂಡ ಬರೆಸಿದ್ದು."

ಅವಳು ಮುಚ್ಚಳದಿಂದ ಕೈ ತೆಗೆದಳು. "ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?" ಎಂದಳು.

"ಹೇಳಿದ್ರೆ ಶುಕ್ರವಾರಕ್ಕೆ ಬೇರೆ ದೋಷ ಹುಡುಕಿಸ್ಬೇಕಾಗ್ತಿತ್ತು ನೀನು. ಪಾಪ, ಮತ್ತೆ ಆ ಆಚಾರ್ಯನ ಹತ್ರ ಓಡಾಟ."

ಅವಳು ಅತ್ತಳು. ಸದ್ದಿಲ್ಲದೆ, ಪಕ್ಕದ ಕೋಣೆಗೆ ಕೇಳಿಸದ ಹಾಗೆ. ನಾನು ಕಾದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಒಂದೇ ಒಂದು ಮಾತಿಗೆ ಕಾದೆ. ಹಾಗಾದರೆ ಬಾ ಅಮ್ಮ, ನಾಳೆನೇ ಬಾ ಎಂದು ಅವಳು ಅಂದಿದ್ದರೆ, ಅವತ್ತಿನ ಉಸಿರನ್ನೂ ಮರೆತು ಅವಳ ಹಿಂದೆ ಚೀಲ ಹಿಡಿದು ಹೊರಟುಬಿಡುತ್ತಿದ್ದೆ. ಅಷ್ಟೂ ಮಾನವಿಲ್ಲದವಳು ನಾನು.

ಮೊತ್ ಕಣ್ಣೊರೆಸಿಕೊಂಡಳು. ಖಾಲಿ ಚೀಲವನ್ನು ನೀಟಾಗಿ ಮಡಚಿದಳು, ಎದ್ದಳು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ತಿರುಗಿ ನಿಂತಳು.

"ಅಮ್ಮ, ಇದನ್ನ ಚಾನೋನ್‌ಗೆ ಹೇಳ್ಬೇಡ."

ಹೇಳುವುದಿಲ್ಲ ಎಂದೆ.